ಬೇರೇನೋ ಹುಡುಕುವಾಗ ಕಂಡದ್ದು: ಒಂದು ಮೆದುಳಿನ ಸ್ಕ್ಯಾನ್ ವರದಿಯ ಓದು

(ಸ್ನಾತಕೋತ್ತರ ಕನ್ನಡ ವಿದ್ಯಾರ್ಥಿಗಳ ಆನ್‌ಲೈನ್ ವಿಚಾರಗೋಷ್ಠಿಯಲ್ಲಿ ಮಂಡಿಸಿದ ಪ್ರಬಂಧದ ಬರಹರೂಪ. ಮಾತಿನ ಧಾಟಿಯನ್ನು ಆದಷ್ಟೂ ಉಳಿಸಿಕೊಳ್ಳಲಾಗಿದೆ.)

ಪೀಠಿಕೆ

ನನ್ನ ಧ್ವನಿ ಕೇಳಿಸ್ತಾ ಇದೆ ಅಂದ್ಕೊಂಡು ಶುರು ಮಾಡ್ತೀನಿ. ಹೊಸೂರಿನಿಂದ ತಳಿ ಕಡೆಗೆ ಹೋಗುವ ದಾರಿಯಲ್ಲಿರುವ ಒಂದು ಹಳ್ಳಿ ನಮ್ಮದು, ನೆಟ್‌ವರ್ಕ್ ಬಂದು ಹೋಗಿ ಮಾಡುತ್ತೆ. ಮಧ್ಯೆ ಮಾತು ನಿಂತುಹೋದರೆ ದಯವಿಟ್ಟು ಚಾಟ್‌ನಲ್ಲಿ ಹಾಕಿ.

ಪಠ್ಯವನ್ನು ಓದುವ ಬಗೆಗಳ ಕುರಿತು ಈ ಗೋಷ್ಠಿಯಲ್ಲಿ ಹಿಂದೆ ಮಾತಾಡಿದವರು ಶಾಸನ, ವಚನ, ಕಾದಂಬರಿಗಳನ್ನು ಆರಿಸಿಕೊಂಡಿದ್ದರು. ನಾನು ಆರಿಸಿಕೊಂಡಿರುವ ಪಠ್ಯ ಒಂದೇ ಪುಟದ್ದು. ಇಂಗ್ಲಿಷಿನಲ್ಲಿದೆ. ಬರೆದವರು ಒಬ್ಬ ರೇಡಿಯಾಲಜಿಸ್ಟ್. ಅದರ ವಸ್ತು ನನ್ನ ತಲೆ. ಸಾಹಿತ್ಯದ ವಿದ್ಯಾರ್ಥಿಗೆ ವೈದ್ಯಕೀಯದಲ್ಲಿ ಏನು ಕೆಲಸ ಅಂತ ಕೇಳಬಹುದು. ರೋಗ ಗುರುತಿಸುವುದು ನನ್ನ ಕೆಲಸವಲ್ಲ, ಅದು ವೈದ್ಯರದ್ದು. ಆದರೆ ಒಂದು ವಾಕ್ಯವನ್ನು ತಪ್ಪಾಗಿ ಓದಿದರೆ ಒಂದು ಮನೆಯಲ್ಲಿ ಏನೇನಾಗುತ್ತೆ ಅನ್ನೋದನ್ನ ಮೂರು ವಾರ ಕಣ್ಣಾರೆ ನೋಡಿದ್ದೇನೆ. ಆ ಓದನ್ನು ತಿದ್ದಿಕೊಂಡ ಬಗೆಯನ್ನು ವಿವರಿಸುವುದೇ ಈ ಪ್ರಬಂಧದ ಉದ್ದೇಶ.

ಪಠ್ಯ ಕೈಗೆ ಬಂದ ಸಂದರ್ಭ

ಮಳೆ ಬಂದು ನಿಂತ ಒಂದು ಸಂಜೆ ಸ್ಕೂಟಿ ಜಾರಿ ಬಿದ್ದೆ. ಹೆಲ್ಮೆಟ್ ಇತ್ತು, ಆದರೂ ಒಂದೆರಡು ನಿಮಿಷ ಏನಾಯಿತೆಂದು ನೆನಪಿಲ್ಲ. ಹತ್ತಿರದ ಆಸ್ಪತ್ರೆಯಲ್ಲಿ ತಲೆಗೆ ಸಿಟಿ ಸ್ಕ್ಯಾನ್ ಮಾಡಿಸಿದರು. ರಕ್ತಸ್ರಾವ ಆಗಿದೆಯಾ, ಮೂಳೆ ಬಿರುಕು ಬಿಟ್ಟಿದೆಯಾ ಅನ್ನೋದು ಅವರ ಪ್ರಶ್ನೆ. ಎರಡೂ ಇರಲಿಲ್ಲ. ಆದರೆ ವರದಿಯ ಕೊನೆಯಲ್ಲಿ ಇನ್ನೊಂದು ಸಾಲು ಇತ್ತು. ಬಲಗಡೆ ಪ್ಯಾರೈಟಲ್ ಭಾಗದಲ್ಲಿ 4 ಮಿಲಿಮೀಟರಿನ ಒಂದು ಕ್ಯಾಲ್ಸಿಫೈಡ್ ಗ್ರಾನ್ಯುಲೋಮಾ, ಇನ್ಸಿಡೆಂಟಲ್ ಫೈಂಡಿಂಗ್, ಕ್ಲಿನಿಕಲ್ ಕೋರಿಲೇಶನ್ ಸಜೆಸ್ಟೆಡ್.

ಫಿಲ್ಮ್ ಕೊಡುವ ಕೌಂಟರಿನಲ್ಲಿ ಯಾರೋ ಅಪ್ಪನಿಗೆ ತಮಿಳಿನಲ್ಲಿ 'ಚಿನ್ನ ಕಟ್ಟಿ' ಅಂದರು. ಸಣ್ಣ ಗಂಟು ಅಂತ ಅವರ ಅರ್ಥ. ತಮಿಳಿನ ಕಟ್ಟಿ ಕುರುವಿಗೂ ಆಗುತ್ತೆ, ಗಂಟಿಗೂ ಆಗುತ್ತೆ, ಟ್ಯೂಮರಿಗೂ ಆಗುತ್ತೆ. ಅಪ್ಪ ಮನೆಗೆ ಬಂದು ಅಮ್ಮನಿಗೆ ಹೇಳುವಷ್ಟರಲ್ಲಿ ಅದು ಕನ್ನಡದ ಗಡ್ಡೆ ಆಗಿತ್ತು. "ಮಗೀನ ತಲೇಲಿ ಗಡ್ಡೆ ಐತಂತೆ ಕಣೇ." ರಾತ್ರಿ ಅಮ್ಮ ಊಟ ಮಾಡಲಿಲ್ಲ. ಮಾರನೆಯ ದಿನ ಅಪ್ಪ ವರದಿಯನ್ನು ಮಡಿಸಿ, ಪಟ್ಟಾ ಕಾಗದಗಳಿರುವ ಟ್ರಂಕಿನಲ್ಲಿಟ್ಟು ಬೀಗ ಹಾಕಿ ನನಗೆ ಹೇಳಿದರು: "ಇದ್ನ ಯಾರ್ಗೂ ಹೇಳ್ಬೇಡಮ್ಮ." ಆಗ ಆನೇಕಲ್ ಕಡೆಯ ಒಂದು ಮನೆಯವರು ನನ್ನನ್ನು ನೋಡಿಕೊಂಡು ಹೋಗಿದ್ದರು.

ಮೂರು ಭಾಷೆಗಳು ಒಂದೇ ಬಸ್ಸಿನಲ್ಲಿ ಓಡಾಡುವ ಊರು ನಮ್ಮದು. ಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಕಚೇರಿಯಲ್ಲಿ ತಮಿಳು. ಒಂದರಿಂದ ಇನ್ನೊಂದಕ್ಕೆ ದಾಟೋದು ನಮಗೆ ಉಸಿರಾಟದಷ್ಟು ಸಲೀಸು. ಸಲೀಸಾದ್ದರಿಂದಲೇ ದಾಟುವಾಗ ಏನು ಬಿದ್ದುಹೋಯಿತು ಅಂತ ನೋಡುವುದಿಲ್ಲ. ಗಡ್ಡೆ ಅನ್ನುವ ಕನ್ನಡ ಪದದಲ್ಲಿ ಗೆಡ್ಡೆ-ಗೆಣಸಿನ ನೆನಪಿದೆ. ಕಣ್ಣಿಗೆ ಕಾಣದ ಹಾಗೆ, ಮಣ್ಣಿನೊಳಗೆ, ದಿನದಿನಕ್ಕೂ ಬೆಳೆಯುವಂಥದ್ದು. ವರದಿಯಲ್ಲಿದ್ದ ವಸ್ತು ಅದಕ್ಕೆ ಪೂರ್ತಿ ವಿರುದ್ಧವಾದದ್ದು ಅಂತ ನನಗೆ ಗೊತ್ತಾಗಲು ಮೂರು ವಾರ ಬೇಕಾಯಿತು.

ಬಿಳಿ ಚುಕ್ಕೆ ಮೂಡುವ ಬಗೆ

ಮೊದಲು ಚಿತ್ರದ ವಿಷಯ. ಸಿಟಿ ಯಂತ್ರವನ್ನು ರೂಪಿಸಿದವರು ಇಂಗ್ಲೆಂಡಿನ ಎಂಜಿನಿಯರ್ ಗಾಡ್‌ಫ್ರೀ ಹೌನ್ಸ್‌ಫೀಲ್ಡ್. ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ 1971ರ ಅಕ್ಟೋಬರಿನಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆದರು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಂತು.

ಯಂತ್ರ ತಲೆಯ ಸುತ್ತ ತಿರುಗುತ್ತಾ ಹಲವು ಕೋನಗಳಿಂದ ಎಕ್ಸ್-ರೇ ಹಾಯಿಸುತ್ತೆ. ಎಲ್ಲಿ ಎಷ್ಟು ಕಿರಣ ತಡೆಯಲ್ಪಟ್ಟಿತು ಅಂತ ಲೆಕ್ಕ ಹಾಕಿ ಪ್ರತಿ ಬಿಂದುವಿಗೂ ಒಂದು ಸಂಖ್ಯೆ ಕೊಡುತ್ತೆ. ಆ ಅಳತೆಗೆ ಹೌನ್ಸ್‌ಫೀಲ್ಡ್ ಅವರ ಹೆಸರೇ ಇದೆ. ನೀರು 0, ಗಾಳಿ ಮೈನಸ್ 1000. ಮೆದುಳಿನ ಅಂಗಾಂಶ ಸುಮಾರು 30–40ರ ಆಸುಪಾಸು. ಸುಣ್ಣದಂಶ, ಅಂದರೆ ಕ್ಯಾಲ್ಸಿಯಂ ಕೂತ ಜಾಗ 100ಕ್ಕಿಂತ ಮೇಲೆ. ಸಂಖ್ಯೆ ಹೆಚ್ಚಾದಷ್ಟೂ ಬಿಳಿ. ತಲೆಬುರುಡೆ ಬಿಳಿಯಾಗಿ ಕಾಣುವ ಕಾರಣಕ್ಕೇ ನನ್ನ ಚುಕ್ಕೆಯೂ ಬಿಳಿಯಾಗಿ ಕಂಡಿತು.

ಇನ್ನೊಂದು ಮಾತನ್ನು ಇಲ್ಲೇ ಹೇಳಬೇಕು. ತಲೆಯೊಳಗೆ ಸುಣ್ಣ ಕಾಣಿಸಿದ ಮಾತ್ರಕ್ಕೆ ಅದು ರೋಗವಲ್ಲ. ಮೆದುಳಿನ ನಡುವೆ ಇರುವ ಪೀನಿಯಲ್ ಗ್ರಂಥಿಯಲ್ಲಿ ವಯಸ್ಸಾದಂತೆ ಸುಣ್ಣ ಕೂರುವುದು ತೀರಾ ಸಾಮಾನ್ಯ. ವೈದ್ಯರು ನೋಡುವುದು ಚುಕ್ಕೆ ಇದೆಯಾ ಅಂತ ಮಾತ್ರ ಅಲ್ಲ. ಎಲ್ಲಿದೆ, ಎಷ್ಟಿದೆ, ಅಂಚು ಹೇಗಿದೆ, ಸುತ್ತ ಊತ ಇದೆಯಾ, ಪಕ್ಕದ ಭಾಗವನ್ನು ಒತ್ತುತ್ತಿದೆಯಾ ಅಂತಲೂ ನೋಡುತ್ತಾರೆ.

ಮೂರು ಪದಗಳ ಓದು

ಈಗ ಪದಗಳಿಗೆ ಬರೋಣ, ಇದು ನಮ್ಮ ಕ್ಷೇತ್ರ.

ಮೊದಲನೆಯದು ಗ್ರಾನ್ಯುಲೋಮಾ. ಕೊನೆಯ 'ಓಮಾ' ಕೇಳಿದ ಕೂಡಲೇ ಹೆದರಿಕೆ ಆಗುತ್ತೆ, ಯಾಕಂದ್ರೆ ಕ್ಯಾನ್ಸರಿನ ಎಷ್ಟೋ ಹೆಸರುಗಳು ಹಾಗೇ ಮುಗಿಯುತ್ತವೆ. ಆದರೆ ಪೆಟ್ಟು ಬಿದ್ದು ರಕ್ತ ಹೆಪ್ಪುಗಟ್ಟಿದರೆ ಅದೂ ಹೀಮಟೋಮಾ, ಕಣ್ಣಿನ ಗ್ಲಾಕೋಮಾ ಕೂಡ ಓಮಾನೇ. ಪದದ ಮೊದಲ ಭಾಗದ ಮೂಲ, ಕಾಳು ಎಂಬ ಅರ್ಥದ ಲ್ಯಾಟಿನ್ ಪದ. ದೇಹ ತನಗೆ ಹೊರಹಾಕಲಾಗದ ಏನನ್ನೋ ರಕ್ಷಣಾ ಕೋಶಗಳಿಂದ ಸುತ್ತುಗಟ್ಟಿ ಕೂಡಿಹಾಕಿದಾಗ ಆಗುವ ಕಾಳಿನಂಥ ಗಂಟು ಇದು.

ಎರಡನೆಯದು ಕ್ಯಾಲ್ಸಿಫೈಡ್. ಸುಣ್ಣಗಟ್ಟಿದ, ಅಂದರೆ ಒಳಗಿನ ಕಥೆ ಮುಗಿದು ಗಟ್ಟಿಯಾದ. ನಮ್ಮ ಕೃಷ್ಣಗಿರಿ ಜಿಲ್ಲೆಯ ಹೊಲಗಳಲ್ಲಿ ವೀರಗಲ್ಲುಗಳು ನಿಂತಿರುತ್ತವಲ್ಲ, ಹಾಗೆ. ಯಾವುದೋ ಕಾಲದಲ್ಲಿ ಇಲ್ಲೊಂದು ಕಾಳಗ ನಡೆದಿತ್ತು ಅಂತ ಕಲ್ಲು ಹೇಳುತ್ತೆ, ಈಗ ನಡೀತಾ ಇದೆ ಅಂತ ಹೇಳಲ್ಲ. ಹೋಲಿಕೆಗೂ ಮಿತಿ ಇದೆ. ಮೆದುಳಿನ ಈ ಕಲ್ಲು ಕೆಲವರಲ್ಲಿ ಸುತ್ತಲಿನ ನರಕೋಶಗಳನ್ನು ಕೆಣಕಿ ಫಿಟ್ಸ್ ತರಿಸಬಲ್ಲದು. ಆ ಮಾತಿಗೆ ಮುಂದೆ ಬರುತ್ತೇನೆ.

ಮೂರನೆಯದು ಇನ್ಸಿಡೆಂಟಲ್. ಇದಕ್ಕೆ ನಾವು ಆಕಸ್ಮಿಕ ಅಂತ ಹಾಕುತ್ತೇವೆ. ಆದರೆ ಕನ್ನಡದಲ್ಲಿ ಆಕಸ್ಮಿಕದ ಪಕ್ಕದಲ್ಲೇ ಅವಘಡ, ಮರಣ ಬಂದು ಕೂರುತ್ತವೆ. ಪ್ರಾಸಂಗಿಕ ಅಂದರೆ ಹತ್ತಿರವಾಗುತ್ತೆ, ಆದರೆ ಆ ಪದಕ್ಕೂ ಈಗ ಬೇರೆ ಅರ್ಥ ಅಂಟಿಕೊಂಡಿದೆ. ನಾನು 'ಬೇರೇನೋ ಹುಡುಕುವಾಗ ಕಂಡದ್ದು' ಅಂತಲೇ ಬಿಡಿಸಿ ಹೇಳುತ್ತೇನೆ. ಉದ್ದವಾಗುತ್ತೆ, ಆದರೆ ಅಮ್ಮನಿಗೆ ಅರ್ಥವಾಗುತ್ತೆ.

ಇನ್ನು ಆ ಕೊನೆಯ ಮಾತು, ಕ್ಲಿನಿಕಲ್ ಕೋರಿಲೇಶನ್. ಚಿತ್ರವನ್ನು ಮನುಷ್ಯರ ಜೊತೆಗಿಟ್ಟು ಓದಿ ಅಂತ ಅದರ ಅರ್ಥ. ಪದವನ್ನು ಸಂದರ್ಭದಿಂದ ಕಿತ್ತು ಓದಬೇಡಿ ಅಂತ ನಮ್ಮ ಮೇಷ್ಟ್ರುಗಳು ಮೊದಲ ಸೆಮಿಸ್ಟರಿನಿಂದ ಹೇಳುತ್ತಿರುವುದೂ ಇದನ್ನೇ. ವರದಿ ಬರೆದವರು ನನ್ನನ್ನು ನೋಡಿಲ್ಲ. ನನಗೆ ಫಿಟ್ಸ್ ಬಂದಿತ್ತಾ, ಕೈಕಾಲಿನ ಬಲ ಹೇಗಿದೆ ಅಂತ ಅವರಿಗೆ ಗೊತ್ತಿಲ್ಲ. ಅರ್ಧ ಓದನ್ನು ಅವರು ಇನ್ನೊಬ್ಬ ವೈದ್ಯರಿಗೆ ಬಿಟ್ಟಿದ್ದಾರೆ. ನಾವು ಆ ಅರ್ಧವನ್ನು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದೆವು.

ಹುಳುವಿನ ದಾರಿ

ಕೊನೆಗೆ ಮಾವನ ಒತ್ತಾಯಕ್ಕೆ ಅಪ್ಪ ಒಪ್ಪಿ ಬೆಂಗಳೂರಿನಲ್ಲಿ ಒಬ್ಬ ನರರೋಗ ತಜ್ಞರನ್ನು ಕಂಡೆವು. ಅವರು ಫಿಲ್ಮ್ ನೋಡಿದ್ದಕ್ಕಿಂತ ಹೆಚ್ಚು ಹೊತ್ತು ನನ್ನನ್ನು ಮಾತಾಡಿಸಿದರು. ನಂತರ ಹೇಳಿದ್ದು: ನಮ್ಮ ದೇಶದಲ್ಲಿ ಇಂಥ ಒಂಟಿ ಸುಣ್ಣದ ಚುಕ್ಕೆಗೆ ತುಂಬಾ ಸಾಮಾನ್ಯ ಕಾರಣ ಲಾಡಿಹುಳುವಿನ ಮರಿ, ವಾಸಿಯಾದ ಹಳೆಯ ಕ್ಷಯದ ಗಂಟೂ ಇರಬಹುದು, ಯಾವುದಾದರೂ ಇದು ಹಳೇದು.

ಅಮ್ಮ ತಕ್ಷಣ ಅಂದರು: "ನಾವು ಹಂದಿ ಮುಟ್ಟೋರೇ ಅಲ್ಲ ಸಾರ್!" ಆ ಮಾತಿನಲ್ಲಿ ಭಯಕ್ಕಿಂತ ಅವಮಾನ ಹೆಚ್ಚಿತ್ತು. ತಜ್ಞರು ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. ಅದನ್ನೇ ಇಲ್ಲಿ ಹೇಳುತ್ತೇನೆ.

ಹುಳುವಿನ ಹೆಸರು ಟೀನಿಯಾ ಸೋಲಿಯಂ. ಅದು ಪೂರ್ಣವಾಗಿ ಬೆಳೆದು ಲಾಡಿಯ ಹಾಗೆ ಉದ್ದವಾಗುವುದು ಮನುಷ್ಯರ ಕರುಳಿನಲ್ಲಿ. ಮೊಟ್ಟೆಗಳು ಮಲದ ಜೊತೆ ಹೊರಬೀಳುತ್ತವೆ. ಬಯಲಿನಲ್ಲಿ ಬಿದ್ದ ಮಲವನ್ನು ಹಂದಿ ತಿಂದರೆ, ಮರಿಗಳು ಹಂದಿಯ ಸ್ನಾಯುಗಳಲ್ಲಿ ನೀರುಗುಳ್ಳೆಗಳಾಗಿ ಕೂರುತ್ತವೆ. ಸರಿಯಾಗಿ ಬೇಯದ ಆ ಮಾಂಸ ತಿಂದವರಿಗೆ ಕರುಳಿನಲ್ಲಿ ಲಾಡಿಹುಳು ಆಗುತ್ತೆ. ಇದು ಮೊದಲನೆಯ ದಾರಿ. ಗಮನಿಸಿ, ಈ ದಾರಿಯಲ್ಲಿ ಹುಳು ಹೋಗುವುದು ಕರುಳಿಗೆ.

ಎರಡನೆಯ ದಾರಿಯಲ್ಲಿ ಹಂದಿ ಬೇಕಾಗಿಯೇ ಇಲ್ಲ. ಲಾಡಿಹುಳು ಇರುವವರ ಮಲದಲ್ಲಿನ ಮೊಟ್ಟೆ ಕೈಯಿಂದಲೋ, ನೀರಿನಿಂದಲೋ, ತೊಳೆಯದ ಹಸಿ ತರಕಾರಿಯಿಂದಲೋ ಇನ್ನೊಬ್ಬರ ಬಾಯಿ ಸೇರುತ್ತೆ. ಮೊಟ್ಟೆ ಒಡೆದು ಮರಿ ಕರುಳಿನ ಗೋಡೆ ದಾಟಿ, ರಕ್ತದ ಜೊತೆ ಸ್ನಾಯು, ಕಣ್ಣು, ಮೆದುಳು ಎಲ್ಲಿಗಾದರೂ ಹೋಗಿ ಕೂರುತ್ತೆ. ಮೆದುಳಿಗೆ ಬರುವುದು ಈ ದಾರಿಯಿಂದ. ಆದ್ದರಿಂದ ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಇದು ಬರುತ್ತೆ. ಹಂದಿ ಸಾಕುವವರನ್ನು, ತಿನ್ನುವವರನ್ನು ದೂರಿ ನಾವು ಕೈತೊಳೆದುಕೊಂಡರೆ ಸಾಲದು, ನಿಜವಾಗಿಯೂ ಕೈ ತೊಳೆಯಬೇಕು. ಪ್ರಶ್ನೆ ಯಾರು ಏನು ತಿಂದರು ಅನ್ನೋದಲ್ಲ, ಊರಿನಲ್ಲಿ ಎಲ್ಲರಿಗೂ ಶೌಚಾಲಯ ಇದೆಯಾ ಅನ್ನೋದು. ಅಪ್ಪ ಕೋಸು, ಕೊತ್ತಂಬರಿ ಬೆಳೆಯುತ್ತಾರೆ. ಚಿಕ್ಕವಳಿದ್ದಾಗ ತೋಟದಲ್ಲಿ ಕ್ಯಾರೆಟ್ ಕಿತ್ತು ಲಂಗಕ್ಕೆ ಒರೆಸಿ ತಿಂದದ್ದು ಎಷ್ಟು ಸಲ ಅಂತ ಲೆಕ್ಕವಿಲ್ಲ.

ಮೆದುಳಿನಲ್ಲಿ ಮರಿ ಜೀವಂತ ಇರುವಾಗ ಎಷ್ಟೋ ವರ್ಷ ಸದ್ದಿಲ್ಲದೆ ಇರಬಹುದು. ಅದು ಸಾಯತೊಡಗಿದಾಗ ದೇಹದ ರಕ್ಷಣಾ ವ್ಯವಸ್ಥೆ ಮೇಲೆ ಬೀಳುತ್ತೆ, ಸುತ್ತ ಊತ ಬರುತ್ತೆ. ಹೆಚ್ಚಾಗಿ ಫಿಟ್ಸ್ ಬರುವುದು ಆಗಲೇ. ಆಮೇಲೆ ಅದು ಕುಗ್ಗಿ ಕಾಳಾಗುತ್ತೆ. ಕೆಲವರಲ್ಲಿ ಕರಗಿಯೇ ಹೋಗುತ್ತೆ, ಕೆಲವರಲ್ಲಿ ಸುಣ್ಣಗಟ್ಟಿ ಉಳಿಯುತ್ತೆ. ಅಂದರೆ ಅಮ್ಮ ಬೆಳೆಯುತ್ತಿದೆ ಅಂದುಕೊಂಡಿದ್ದು ಎಂದೋ ಕುಗ್ಗಿ ಮುಗಿದಿತ್ತು.

ವೇಲೂರಿನವರು ತಿದ್ದಿದ ಓದು

ತಪ್ಪು ಓದು ನಮ್ಮ ಮನೆಯಲ್ಲಿ ಮಾತ್ರ ಆದದ್ದಲ್ಲ. 1980ರ ದಶಕದಲ್ಲಿ ಭಾರತದಲ್ಲಿ ಸಿಟಿ ಸ್ಕ್ಯಾನ್ ಬಳಕೆಗೆ ಬರತೊಡಗಿದಾಗ, ಫಿಟ್ಸ್ ಬಂದ ಅನೇಕರ ಮೆದುಳಿನಲ್ಲಿ ಒಂದೇ ಒಂದು ಪುಟ್ಟ ಹೊಳೆಯುವ ಗಂಟು ಕಾಣಿಸಿತು. ಕ್ಷಯ ಹೆಚ್ಚಿರುವ ದೇಶವಾದ್ದರಿಂದ ಇದನ್ನು ಕ್ಷಯದ ಗಂಟು ಅಂತ ಓದಿ ತಿಂಗಳುಗಟ್ಟಲೆ ಕ್ಷಯದ ಮಾತ್ರೆ ಕೊಡುತ್ತಿದ್ದರು. ಗಂಟು ಮಾಯವಾಗುತ್ತಿತ್ತು, ಮಾತ್ರೆ ಕೆಲಸ ಮಾಡಿತು ಅಂದುಕೊಳ್ಳುತ್ತಿದ್ದರು. ಆದರೆ ಆ ಮಾತ್ರೆ ಕೊಡದೆ ಬರೀ ಫಿಟ್ಸಿನ ಔಷಧ ಕೊಟ್ಟವರಲ್ಲೂ ಗಂಟು ಮಾಯವಾಯಿತು.

ನಮ್ಮ ಜಿಲ್ಲೆಗೆ ಪೂರ್ವದಲ್ಲಿರುವ ವೇಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಮ್ಯಾಥ್ಯೂ ಚಾಂಡಿ, ವೇದಾಂತಂ ರಾಜಶೇಖರ್ ಮತ್ತು ಸಂಗಡಿಗರು ಇಂಥ ಗಂಟುಗಳನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸಿದರು. ಕಂಡದ್ದು ಲಾಡಿಹುಳುವಿನ ಮರಿಯ ಕುರುಹು. 1989ರಲ್ಲಿ ಮತ್ತು 1991ರಲ್ಲಿ ಅವರ ಬರಹಗಳು ಪ್ರಕಟವಾದವು. ಇಂಥ ಗಂಟುಗಳಿಗೆ ಮುಖ್ಯ ಕಾರಣ ಹುಳುವೇ ಎಂಬ ತಿಳಿವಳಿಕೆ ಅಲ್ಲಿಂದ ಗಟ್ಟಿಯಾಯಿತು. ಬೇಕಿಲ್ಲದ ಕ್ಷಯದ ಮಾತ್ರೆ, ಬೇಕಿಲ್ಲದ ಆಪರೇಷನ್ ಎರಡೂ ಕಡಿಮೆಯಾಗಲು ದಾರಿಯಾಯಿತು. ಅದೇ ಸಂಸ್ಥೆಯವರು 2006ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ವೇಲೂರು ಜಿಲ್ಲೆಯ ಅಪಸ್ಮಾರದ ರೋಗಿಗಳಲ್ಲಿ ಸುಮಾರು ಮೂರರಲ್ಲಿ ಒಂದು ಪಾಲಿಗೆ ಈ ಹುಳುವಿನ ನಂಟು ಕಂಡಿತು.

ಹೊಸೂರು ರಸ್ತೆಯ ಇನ್ನೊಂದು ತುದಿಯಲ್ಲಿ, ಬೆಂಗಳೂರಿನಲ್ಲಿ, 1974ರಲ್ಲಿ ರೂಪುಗೊಂಡ ನಿಮ್ಹಾನ್ಸ್ ಇದೆ. ಅಲ್ಲಿನ ತಜ್ಞರು ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ಮಾಡಿದಾಗ, ಅಪಸ್ಮಾರದ ಪ್ರಮಾಣ ಸಾವಿರಕ್ಕೆ 8.8 ಇತ್ತು. ನಗರದಲ್ಲಿ 5.7, ಹಳ್ಳಿಗಳಲ್ಲಿ 11.9. ಈ ಅಂತರಕ್ಕೆ ಹುಳುವೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ನಮ್ಮಂಥ ಊರುಗಳಲ್ಲಿ ಇದು ಅಪರೂಪದ ಸಂಗತಿಯಲ್ಲ, ಬಚ್ಚಿಟ್ಟಿರುವುದರಿಂದ ಅಪರೂಪವಾಗಿ ಕಾಣುತ್ತೆ.

ಹಾಗಾದರೆ ಏನು ಮಾಡಬೇಕು

ನನಗೆ ತಜ್ಞರು ಮಾತ್ರೆ ಬರೆಯಲಿಲ್ಲ. ಹುಳು ಸಾಯಿಸುವ ಔಷಧ ಜೀವಂತ ಹುಳುವಿಗೆ, ಸುಣ್ಣವಾದದ್ದಕ್ಕೆ ಅದರಿಂದ ಪ್ರಯೋಜನವಿಲ್ಲ. ಫಿಟ್ಸ್ ಬಂದೇ ಇಲ್ಲದ್ದರಿಂದ ಅದರ ಔಷಧವೂ ಬೇಡ. ಫಿಟ್ಸ್ ಬಂದರೆ, ಒಂದು ಕಡೆಯ ಕೈಕಾಲು ಮರಗಟ್ಟಿದರೆ ಅಥವಾ ಅದುರಿದರೆ, ತಲೆನೋವು ದಿನೇ ದಿನೇ ಹೆಚ್ಚಾದರೆ ತಡಮಾಡದೆ ಬರಬೇಕು ಅಂದರು. ಅಷ್ಟೇ.

ಇದನ್ನು ಕೇಳಿ ಸ್ಕ್ಯಾನಿನಲ್ಲಿ ಅಕಸ್ಮಾತ್ ಕಂಡದ್ದೆಲ್ಲ ನಿರಪಾಯ ಅಂತ ಯಾರೂ ತಿಳಿಯಬಾರದು. ರಕ್ತನಾಳದ ಉಬ್ಬು, ಮೆದುಳಿನ ಹೊದಿಕೆಯ ಟ್ಯೂಮರು ಇವೂ ಹೀಗೇ ಬೇರೇನೋ ಹುಡುಕುವಾಗ ಕಾಣುತ್ತವೆ. ಕೆಲವಕ್ಕೆ ಚಿಕಿತ್ಸೆ ಬೇಕು, ಕೆಲವನ್ನು ಕಾಲಕಾಲಕ್ಕೆ ನೋಡುತ್ತಿದ್ದರೆ ಸಾಕು. ಆದ್ದರಿಂದ ವರದಿ ಕೈಗೆ ಬಂದಾಗ ವೈದ್ಯರಿಗೆ ಕೇಳಬೇಕಾದ ಪ್ರಶ್ನೆಗಳು ಐದು. ಇದು ಏನಿರಬಹುದು? ಹಳೆಯದೋ ಹೊಸದೋ? ನನಗಿರುವ ತೊಂದರೆಗೂ ಇದಕ್ಕೂ ಸಂಬಂಧ ಇದೆಯಾ? ಮತ್ತೆ ಸ್ಕ್ಯಾನ್ ಬೇಕಾ, ಬೇಕಾದರೆ ಯಾವಾಗ? ಯಾವ ಲಕ್ಷಣ ಕಂಡರೆ ಓಡಿ ಬರಬೇಕು?

ಮದುವೆ ಮತ್ತು ಮೌನ

ಅಪ್ಪನ ಬೀಗದ ಹಿಂದೆ ಇದ್ದದ್ದು ಗಡ್ಡೆಯ ಭಯವೊಂದೇ ಅಲ್ಲ. ಫಿಟ್ಸ್ ಅನ್ನುವ ಮಾತಿನ ನೆರಳೂ ಇತ್ತು. ನಟರಾಜನ ಕಾಲಡಿಯ ಕುಳ್ಳನ ಹೆಸರೇ ಅಪಸ್ಮಾರ. ರೋಗಕ್ಕೆ ಅಸುರನ ಹೆಸರು ಕೊಟ್ಟ ಮೇಲೆ ರೋಗಿಯನ್ನು ಯಾರು ಮನೆಗೆ ಕರೆಯುತ್ತಾರೆ? ಕಾನೂನೂ ಹಿಂದೆ ಬಿದ್ದಿರಲಿಲ್ಲ. ಹಿಂದೂ ವಿವಾಹ ಕಾಯ್ದೆಗೆ 1976ರಲ್ಲಿ ಆದ ತಿದ್ದುಪಡಿಯಲ್ಲಿ, ಮತ್ತೆ ಮತ್ತೆ ಬರುವ ಅಪಸ್ಮಾರವನ್ನು ಮದುವೆಗೆ ಅಡ್ಡಿಯಾಗುವ ಕಾರಣಗಳಲ್ಲಿ ಸೇರಿಸಲಾಗಿತ್ತು. ಆ ಒಂದು ಪದವನ್ನು ತೆಗೆದುಹಾಕಿದ್ದು 1999ರಲ್ಲಿ. ಕಾಯ್ದೆಯಿಂದ ಪದ ಹೋಗಿದೆ. ನಮ್ಮ ಟ್ರಂಕುಗಳಿಂದ ಇನ್ನೂ ಹೋಗಿಲ್ಲ.

ನನಗೆ ಫಿಟ್ಸ್ ಬಂದಿಲ್ಲ. ಇದನ್ನು ಹೇಳುವಾಗ ನನಗೊಂದು ನಾಚಿಕೆಯೂ ಇದೆ, ಬಂದಿದ್ದರೆ ಏನೋ ಕಡಿಮೆಯಾಗುತ್ತಿತ್ತು ಅನ್ನುವ ಧ್ವನಿ ಆ ಮಾತಿನಲ್ಲಿ ಸೇರಿಬಿಡುತ್ತೆ. ಬಂದಿದ್ದರೂ ಅದು ಔಷಧಕ್ಕೆ ಬಗ್ಗುವ ಕಾಯಿಲೆ, ಅಷ್ಟೇ.

ಬೆಂಗಳೂರಿನಿಂದ ಬಂದ ರಾತ್ರಿ ವರದಿಯನ್ನು ಕನ್ನಡಕ್ಕೆ ತಂದೆ. ಹೀಗೆ: "ಪೆಟ್ಟಿನಿಂದ ರಕ್ತ ಸೋರಿಲ್ಲ. ಮೂಳೆ ಒಡೆದಿಲ್ಲ. ಪೆಟ್ಟಿಗೆ ಸಂಬಂಧವಿಲ್ಲದ, ಸಾಸಿವೆಗಿಂತ ಸ್ವಲ್ಪ ದೊಡ್ಡದಾದ, ಸುಣ್ಣಗಟ್ಟಿದ ಒಂದು ಹಳೆಯ ಕಾಳು ಮೆದುಳಿನ ಬಲಭಾಗದಲ್ಲಿ ಕಂಡಿದೆ. ಇದನ್ನು ಇವರ ಆರೋಗ್ಯದ ಜೊತೆ ಸೇರಿಸಿ ಓದಬೇಕು." ಅಮ್ಮ ಎರಡು ಸಲ ಓದಿಸಿಕೊಂಡರು. ಅಪ್ಪ ಒಂದೇ ಪ್ರಶ್ನೆ ಕೇಳಿದರು.

"ಅದು ಬೆಳೀತದಾ?"

"ಇಲ್ಲಪ್ಪ."

"ಮತ್ತೆ ಗಡ್ಡೆ ಅಂತ ಯಾಕಂದ್ರು?"

ಅದಕ್ಕೆ ಉತ್ತರ ಈ ಪ್ರಬಂಧ.

ಉಪಸಂಹಾರ

ಹೊಸ ಯಂತ್ರ ಬಂದಾಗ ಹೊಸ ಪಠ್ಯ ಹುಟ್ಟುತ್ತೆ. ಅದನ್ನು ನಮ್ಮ ನುಡಿಗೆ ದಾಟಿಸುವವರು ಕೌಂಟರಿನಲ್ಲಿ ನಿಂತವರು, ಆಟೋದವರು, ಪಕ್ಕದ ಮನೆಯವರು. ಅವರ ತಪ್ಪಿಲ್ಲ. ಆ ಕೆಲಸ ನಾವು ಮಾಡಲಿಲ್ಲ, ಅದಕ್ಕೆ ಅವರು ಮಾಡಿದರು. ಕನ್ನಡ ಎಂ.ಎ. ಓದಿದವರಿಗೆ ಕೆಲಸವೇನು ಅಂತ ನಮ್ಮನ್ನು ಕೇಳುತ್ತಾರಲ್ಲ, ಒಂದು ಪುಟದ ವರದಿಯನ್ನು ತಜ್ಞರ ಪಕ್ಕ ಕೂತು ಸರಿಯಾದ ಕನ್ನಡಕ್ಕೆ ತರುವುದೂ ಒಂದು ಕೆಲಸ ಅಂತ ನನಗೀಗ ಅನಿಸುತ್ತೆ.

ಇವತ್ತು ಇದನ್ನು ಮಾತಾಡಲೇ ಅಂತ ಅಪ್ಪನನ್ನು ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು, "ಹೇಳು. ಊರಿನ ಹೆಸರು ಬ್ಯಾಡ" ಅಂದರು. ಅದಕ್ಕೇ ಹೇಳಿಲ್ಲ.

ಸಂವಾದದಿಂದ

*ಒಬ್ಬ ಪ್ರಾಧ್ಯಾಪಕರು:* ಹಾಗಾದರೆ ಎಲ್ಲರೂ ಒಮ್ಮೆ ತಲೆ ಸ್ಕ್ಯಾನ್ ಮಾಡಿಸಿಕೊಂಡುಬಿಡುವುದು ಒಳ್ಳೆಯದಲ್ಲವೇ?

*ಉತ್ತರ:* ಬೇಡ ಸಾರ್. 2009ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಒಂದು ವಿಶ್ಲೇಷಣೆ 16 ಅಧ್ಯಯನಗಳ 19,559 ಜನರ ಎಂ.ಆರ್.ಐ. ಫಲಿತಾಂಶಗಳನ್ನು ಒಟ್ಟು ಮಾಡಿತ್ತು. ಅವರು ಯಾರಿಗೂ ನರದ ತೊಂದರೆಯ ಲಕ್ಷಣ ಇರಲಿಲ್ಲ. ಆದರೂ ನೂರಕ್ಕೆ 2.7ರಷ್ಟು, ಅಂದರೆ ಸುಮಾರು 37 ಜನರಲ್ಲಿ ಒಬ್ಬರ ಮೆದುಳಿನಲ್ಲಿ ಏನೋ ಒಂದು ಕಂಡಿತು. ಕಾರಣವಿಲ್ಲದೆ ಹುಡುಕಿದರೆ ಬಹಳ ಮನೆಗಳಲ್ಲಿ ಅಮ್ಮಂದಿರು ರಾತ್ರಿ ಊಟ ಬಿಡಬೇಕಾಗುತ್ತೆ. ವೈದ್ಯರು ಕಾರಣ ಇದ್ದು ಹೇಳಿದಾಗ ಮಾತ್ರ ಸರಿ.

*ಒಬ್ಬ ಸಹಪಾಠಿ:* ಫಿಟ್ಸ್ ಬಂದವರನ್ನು ಕಂಡರೆ ಕೈಗೆ ಬೀಗದ ಕೈ ಕೊಡ್ತಾರೆ. ಅದು ಸರಿನಾ?

*ಉತ್ತರ:* ಕಬ್ಬಿಣದಿಂದ ಏನೂ ಆಗಲ್ಲ. ಬಾಯಿಗೆ ಚಮಚ, ನೀರು ಏನೂ ಹಾಕಬಾರದು, ಕೈಕಾಲು ಅದುಮಿ ಹಿಡಿಯಬಾರದು. ಸುತ್ತ ಇರುವ ಚೂಪಾದ ವಸ್ತು ಸರಿಸಿ, ತಲೆಯ ಕೆಳಗೆ ಮೆತ್ತಗಿನದೇನಾದರೂ ಇಟ್ಟು, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು. ಗಡಿಯಾರ ನೋಡಬೇಕು. ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಬೇಕು. ಬೀಗದ ಕೈ ಟ್ರಂಕಿಗೆ ಇರಲಿ, ಅದನ್ನು ತೆರೆಯೋಕೆ.